ದೊಡ್ಡಮ್ಮನ ಕಣ್ಣಡಿಯ ಗೆರೆ

ನಮ್ಮ ದೊಡ್ಡಮ್ಮನಿಗೆ ಜನರ ಹೆಸರು ನೆನಪಿರುವುದಿಲ್ಲ, ಮೂಗು ನೆನಪಿರುತ್ತದೆ. ಇಪ್ಪತ್ತಾರು ವರ್ಷಗಳಿಂದ ಒಂದೇ ಕನ್ನಡಕದಂಗಡಿಯಲ್ಲಿ, ಬೀದಿಗೆ ಮುಖ ಮಾಡಿದ ಗಾಜಿನ ಮೇಜಿನ ಹಿಂದೆ ಕೂತು, ಬಂದವರ ಮೂಗಿಗೆ ಒಪ್ಪುವ ಫ್ರೇಮು ಹುಡುಕಿಕೊಡುವುದು ಅವಳ ಕೆಲಸ. ಬಸ್ಸಿನಲ್ಲಿ ಯಾರಾದರೂ ನಕ್ಕು ಮಾತಾಡಿಸಿ ಇಳಿದುಹೋದರೆ “ಯಾರು ಅವರು?” ಎಂದು ನಾನು ಕೇಳುತ್ತೇನೆ. “ಯಾರೋ ಗೊತ್ತಿಲ್ಲಪ್ಪ, ಎಡಗಿವಿ ಬಲಗಿವಿಗಿಂತ ಸ್ವಲ್ಪ ಮೇಲಿದೆ” ಎನ್ನುತ್ತಾಳೆ. ಕಂಡವರ ವಿಷಯದಲ್ಲಿ ಮೂಗು ತೂರಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಂಡವರ ಮೂಗನ್ನೇ ಇಷ್ಟು ಪ್ರೀತಿಯಿಂದ ನೋಡುವವಳು ಇವಳೊಬ್ಬಳೇ.

ನಾನು ಅವಳ ತಂಗಿಯ ಮಗಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವಿಬ್ಬರೇ ಇರುವುದು. ನನಗೆ ಕೆಲಸ ಔಷಧಿ ಅಂಗಡಿಯಲ್ಲಿ, ಕ್ರೀಮು ಪೌಡರುಗಳ ಕೌಂಟರಿನಲ್ಲಿ. ದಿನಪೂರ್ತಿ ಗಿರಾಕಿಗಳ ಮುಂದೆ ನಗುವುದರಿಂದಲೋ ಏನೋ, ಮನೆಗೆ ಬರುವ ಹೊತ್ತಿಗೆ ಸಿಟ್ಟು ನನ್ನ ಮೂಗಿನ ತುದಿಯಲ್ಲಿರುತ್ತದೆ.

ಆ ಮಂಗಳವಾರ ದೊಡ್ಡಮ್ಮ ಚಪ್ಪಲಿ ಕೂಡ ಬಿಡದೆ ನೇರ ಕನ್ನಡಿಯ ಮುಂದೆ ಹೋಗಿ ನಿಂತಳು.

“ನನ್ನ ಕಣ್ಣ ಕೆಳಗೆ ಏನಿದೆ ನೋಡು.”

“ಮೂಗಿದೆ.”

“ತಮಾಷೆ ಸಾಕು. ಗೆರೆ ಇದ್ಯಾ, ಇಲ್ವಾ?”

“ಐವತ್ತೆಂಟು ತುಂಬ್ತು. ಇರದೆ ಎಲ್ಲಿಗೆ ಹೋಗುತ್ತೆ?”

ಅವಳು ನಗಲಿಲ್ಲ. ನಿಂತೇ ಹೇಳಿದಳು. ಹೋದ ವರ್ಷ ಅಪ್ಪನಿಂದ ಅಂಗಡಿ ವಹಿಸಿಕೊಂಡ ಸಣ್ಣ ಯಜಮಾನ ಅವತ್ತು ಮಧ್ಯಾಹ್ನ, ಒಳಗೆ ಲೆನ್ಸ್ ಉಜ್ಜುವ ಯಂತ್ರ ಗರಗರ ಎನ್ನುತ್ತಿದ್ದಾಗ, ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದನಂತೆ: “ಕಣ್ಣು ನೋಡ್ಕೊಳ್ಳಿ ಅಮ್ಮ, ತುಂಬಾ ದಣಿದಿವೆ. ಹೀಗೇ ಆದ್ರೆ ನಿಮ್ಮನ್ನ ಒಳಗೆ ಕೂರಿಸಬೇಕಾಗುತ್ತೆ. ಸೋಮವಾರದಿಂದ ಒಬ್ಬಳು ಹೊಸ ಹುಡುಗಿ ಬರ್ತಾಳೆ.”

ಒಳಗೆ ಎಂದರೆ ಕಿಟಕಿಯಿಲ್ಲದ ಕೋಣೆ. ಅಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ. ಇಡೀ ದಿನದಲ್ಲಿ ಒಂದು ಮೂಗೂ ಕಾಣುವುದಿಲ್ಲ.

“ನಾನು ಹೋಗಿ ಕನ್ನಡೀಲಿ ನೋಡ್ಕೊಂಡೆ,” ಎಂದಳು. “ಅವನು ಹೇಳಿದ್ದು ನಿಜ. ಮುಖ ಸೋತುಹೋಗಿದೆ. ಅಂಥವಳನ್ನ ಮುಂದೆ ಕೂರಿಸಿದ್ರೆ ಗಿರಾಕಿ ಓಡಿಹೋಗ್ತಾರೆ.”

ನನ್ನ ಮೈ ಉರಿದುಹೋಯಿತು. ಆ ಹುಡುಗನಿಗೆ ಆರನೆಯ ವಯಸ್ಸಿನಲ್ಲಿ, ಅವನು ರಂಪ ಮಾಡುತ್ತಿರುವಾಗ, ಕಥೆ ಹೇಳಿ ಮೊದಲ ಕನ್ನಡಕ ಹಾಕಿದವಳು ಇವಳು. ಈಗ ಅವನಿಗೆ ಇವಳ ಮುಖ ಬೇಡವಾಯಿತೇ! ಹೋಗಿ ನಾಲ್ಕು ಮಾತು ಕೇಳಿ ಬರುತ್ತೇನೆ ಎಂದು ಹೊರಟ ನನ್ನನ್ನು ಅವಳೇ ತಡೆದಳು. “ಜಗಳ ಬೇಡ. ನಿಮ್ಮ ಅಂಗಡೀಲಿ ಕಣ್ಣ ಕೆಳಗೆ ಹಚ್ಚೋದು ಏನೇನೋ ಇರುತ್ತಲ್ಲ, ಅದನ್ನ ತಂದುಕೊಡು. ಸೋಮವಾರದೊಳಗೆ ಏನಾದ್ರೂ ಆಗಬೇಕು.”

ಆರು ದಿನದಲ್ಲಿ ಯಾವ ಮುಲಾಮೂ ಐವತ್ತೆಂಟನ್ನು ಮೂವತ್ತೆಂಟು ಮಾಡುವುದಿಲ್ಲ. ಇದನ್ನು ಗಿರಾಕಿಗಳಿಗೆ ಹೇಳುವ ಹಾಗಿಲ್ಲ, ಇವಳಿಗೆ ಹೇಳಿದೆ. ಒಣಗಿದ ಚರ್ಮ ಮೆತ್ತಗಾದರೆ ಸಣ್ಣ ಗೆರೆಗಳು ಅಷ್ಟಾಗಿ ಎದ್ದು ಕಾಣುವುದಿಲ್ಲ, ಅಷ್ಟೇ. ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಬುಧವಾರ ಐದು ಬಗೆಯ ಸ್ಯಾಂಪಲ್ ತಂದು ಮೇಜಿನ ಮೇಲೆ ಸಾಲಾಗಿಟ್ಟೆ. ಒಂದಕ್ಕೆ ತಣ್ಣಗಿನ ಉಕ್ಕಿನ ಗುಂಡು, ಒಂದು ಲಿಪ್‌ಸ್ಟಿಕ್ಕಿನ ಹಾಗೆ ತಿರುಗಿಸುವಂಥದ್ದು, ಒಂದಕ್ಕೆ ಮದುವೆಮನೆಯ ಹೂವಿನ ವಾಸನೆ. ವಾಸನೆಯದು ಕಣ್ಣಿಗೆ ಉರಿ ತರಬಹುದು ಎಂದು ಪಕ್ಕಕ್ಕೆ ಸರಿಸಿದೆ. ಮೊದಲು ಮೊಣಕೈ ಒಳಮಗ್ಗುಲಲ್ಲಿ ಹಚ್ಚಿ ಒಂದು ದಿನ ನೋಡು, ಆಮೇಲೆ ಉಂಗುರ ಬೆರಳಲ್ಲಿ ಅಕ್ಕಿಕಾಳಿನಷ್ಟು ತಗೊಂಡು ಮೆಲ್ಲಗೆ ತಟ್ಟು, ಉಜ್ಜಬೇಡ ಎಂದೆ.

ಅಂದಿನಿಂದ ಮನೆಯಲ್ಲಿ ಯಾರೂ ಕೂತ ನೆನಪಿಲ್ಲ. ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕನ್ನಡಿಯನ್ನು ಕಿಟಕಿಯ ಬಳಿ ಇಡುತ್ತಾಳೆ, ತೆಗೆದು ದೀಪದ ಕೆಳಗೆ ಇಡುತ್ತಾಳೆ. ಒಲೆ ಮೇಲೆ ಹಾಲಿಟ್ಟು ಕನ್ನಡಿಗೆ ಓಡುತ್ತಾಳೆ, ಹಾಲು ಉಕ್ಕುತ್ತದೆ. ಒಂದನ್ನು ಆರಿಸಿ ಚೀಲಕ್ಕೆ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಂದನ್ನು ಒಯ್ಯುತ್ತಾಳೆ. ಪ್ರತಿ ಡಬ್ಬಿಯನ್ನೂ ಕೈ ಚಾಚಿ ದೂರ ಹಿಡಿದು, ಹತ್ತಿರ ತಂದು, ಕೊನೆಗೆ ನನ್ನ ಕಡೆ ತಳ್ಳುತ್ತಾಳೆ.

“ನೀನೇ ಓದು. ಅಕ್ಷರ ಇರುವೆ ಥರ ಇದೆ.”

ಓದಿದೆ. ಮೂರು ದಿನ, ಐದು ಡಬ್ಬಿ, ಕನಿಷ್ಠ ಹತ್ತು ಸಲ ಓದಿದೆ. ಕನ್ನಡಕದಂಗಡಿಯವಳು ಅಕ್ಷರ ಸಣ್ಣದು ಎನ್ನುತ್ತಿದ್ದಾಳಲ್ಲ, ಯಾಕೆ ಎಂದು ಒಂದು ಸಲವೂ ನನ್ನ ಮಂಡೆಗೆ ಹೊಳೆಯಲಿಲ್ಲ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಅವಳ ಮೂಗಿನ ಮೇಲಿದ್ದ ಕನ್ನಡಕ ಯಾರದೋ. ಮಾಡಿಸಿ ಹೋದವರು ತಿರುಗಿ ಬಾರದೆ ಉಳಿದ ಕನ್ನಡಕಗಳಿಗೆಂದು ಅಂಗಡಿಯಲ್ಲಿ ಒಂದು ಡ್ರಾಯರ್ ಇದೆ. ಅದರಿಂದ ಎಂಟು ವರ್ಷದ ಹಿಂದೆ ಒಂದನ್ನು ಎತ್ತಿಕೊಂಡು, ಕಡ್ಡಿ ಬಗ್ಗಿಸಿ ತನ್ನ ಕಿವಿಗೆ ಹೊಂದಿಸಿಕೊಂಡಿದ್ದಳು. “ನಂಬರ್ ಹತ್ತತ್ರ ಇದೆ, ಸಾಕು” ಎಂದಿದ್ದಳು. ಅದನ್ನೂ ನಾನು ತಮಾಷೆ ಮಾಡಿ ಮರೆತಿದ್ದೆ.

ಶನಿವಾರ ಬೆಳಗ್ಗೆ ಕೊನೆಗೂ ಚಪ್ಪಟೆ ಡಬ್ಬಿಯ, ವಾಸನೆಯಿಲ್ಲದ ಮುಲಾಮನ್ನು ಆರಿಸಿದಳು. ಅಕ್ಕಿಕಾಳು ಎಂದರೆ ಕೇಳಬೇಕಲ್ಲ, ಹುಣಸೆಬೀಜದಷ್ಟು ಬಳಿದುಕೊಂಡು ಹೋದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನನಗೆ ತಡೆಯಲಾಗಲಿಲ್ಲ. ಜಗಳ ಬೇಡ ಎಂದಿದ್ದಳು ನಿಜ, ಆದರೆ ನನ್ನ ಬಾಯಿ ನನ್ನದು. ಅಂಗಡಿಗೆ ನಡೆದೆ.

ಹೋಗಿ ನೋಡಿದರೆ ಮುಲಾಮು ಕರಗಿ ಅವಳ ಕನ್ನಡಕ ಮೂಗಿನಿಂದ ಜಾರುತ್ತಿದೆ. ಬೆರಳಿನ ಜಿಡ್ಡು ವಯಸ್ಸಾದ ಗಿರಾಕಿಯೊಬ್ಬರ ಹೊಸ ಲೆನ್ಸಿನ ಮೇಲೆ ಮೆತ್ತಿದೆ. ಆ ಹಿರಿಯರು “ಮಂಜು ಮಂಜಾಗಿದೆ” ಎನ್ನುತ್ತಿದ್ದಾರೆ, ಇವಳು ಒರೆಸುತ್ತಿದ್ದಾಳೆ, ಒರೆಸಿದಷ್ಟೂ ಹರಡುತ್ತಿದೆ. ಸಣ್ಣ ಯಜಮಾನ ಬಂದು ಅದನ್ನು ಮೆಲ್ಲಗೆ ತೆಗೆದುಕೊಂಡು ತೊಳೆದು ಕೊಟ್ಟು ಅವರನ್ನು ಕಳಿಸಿದ.

“ಏನ್ರೀ,” ಎಂದೆ ನಾನು. “ವಯಸ್ಸಾದೋರ ಮುಖದಲ್ಲಿ ಗೆರೆ ಇದ್ರೆ ಒಳಗೆ ತಳ್ಳೋದು ಯಾವ ನ್ಯಾಯ? ಕಣ್ಣು ನೋಡ್ಕೊಳ್ಳಿ ಅಂದ್ರಂತೆ. ವಾರದಿಂದ ನೋಡ್ಕೊಂಡು ನೋಡ್ಕೊಂಡು ಹುಚ್ಚಿಯಾಗಿದ್ದಾಳೆ!”

ಅವನು ತಬ್ಬಿಬ್ಬಾದ. “ನೋಡ್ಕೊಳ್ಳಿ ಅಂತ ನಾನೆಲ್ಲಿ ಅಂದೆ? ನೋಡಿಸ್ಕೊಳ್ಳಿ ಅಂದೆ.”

ಒಂದು ‘ಸ’ಕಾರ. ಅದನ್ನು ಯಂತ್ರದ ಸದ್ದು ನುಂಗಿಬಿಟ್ಟಿತ್ತು. ಕಣ್ಣು ನೋಡಿಸಿಕೊಳ್ಳಿ ಎಂದು ಇಪ್ಪತ್ತಾರು ವರ್ಷ ಊರಿಗೆಲ್ಲ ಹೇಳಿದವಳಿಗೆ, ಆ ಮಾತು ತನಗೂ ಹೇಳಬಹುದಾದದ್ದು ಎಂದೇ ಅನಿಸಿರಲಿಲ್ಲ.

ಅವನು ತಲೆ ತಗ್ಗಿಸಿ ಹೇಳಿದ: “ಹೋದ ತಿಂಗಳು ನಾಲ್ಕು ಕನ್ನಡಕ ವಾಪಸ್ ಬಂದ್ವು ಅಮ್ಮ. ಹಾಕ್ಕೊಂಡ್ರೆ ತಲೆನೋವು ಅಂತ. ಲೆನ್ಸ್ ಕೂರಿಸೋಕೆ ಗುರುತು ಅಂತ ಕಣ್ಣುಗುಡ್ಡೆ ನೇರಕ್ಕೆ ನೀವಿಡೋ ಚುಕ್ಕೆ ಎರಡು ಎಳೆ ಆಚೆ ಬೀಳ್ತಿದೆ. ನಿಮಗೆ ನಾನು ಹೇಗೆ ಹೇಳ್ಲಿ? ಅದಕ್ಕೇ ಮೆತ್ತಗೆ ಹೇಳಿದೆ.”

“ನನ್ನ ಕಣ್ಣು ಚೆನ್ನಾಗೇ ಇದೆ,” ಎಂದಳು ದೊಡ್ಡಮ್ಮ. ದನಿ ಜೋರಾಗಿತ್ತು. ಪರೀಕ್ಷೆಯ ಕುರ್ಚಿಯಲ್ಲಿ ಹೋಗಿ ಕೂತು, ಎದುರು ಗೋಡೆಯ ಪಟ್ಟಿಯನ್ನು ಮೇಲಿನ ದೊಡ್ಡ ಅಕ್ಷರದಿಂದ ಕೊನೆಯ ಸಾಲಿನ ತನಕ ಒಂದೇ ಉಸಿರಿಗೆ ಒಪ್ಪಿಸಿದಳು. ಒಂದೂ ತಪ್ಪಲಿಲ್ಲ.

ಸಣ್ಣ ಯಜಮಾನ ನನ್ನ ಕಡೆ ನೋಡಿದ. ನಾನು ಅವಳ ಕಡೆ ನೋಡಿದೆ.

“ದೊಡ್ಡಮ್ಮ, ಓದಿದ್ದಾ, ಬಾಯಿಪಾಠಾನಾ?”

ಮಡಿಲಲ್ಲಿದ್ದ ಅವಳ ಬೆರಳುಗಳು ವಾರದಲ್ಲಿ ಮೊದಲ ಸಲ ಅಲುಗದೆ ನಿಂತವು.

“ಮೂರನೇ ಸಾಲಿಂದ ಕೆಳಗೆ ಕಾಣಲ್ಲ,” ಎಂದಳು. “ಕಾಣದೆ ಬಹಳ ದಿನ ಆಯ್ತು. ಹೇಳಿದ್ರೆ ಈ ಮೇಜು ಹೋಗುತ್ತೆ ಅಂತ...” ಮಾತು ಮುಗಿಸದೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ನನಗೆ ಅಳು ಬಂತು, ಬಂದದ್ದನ್ನು ಯಾಕೆ ಮುಚ್ಚಿಡಲಿ.

ಅವನು ಅವಳ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಇಟ್ಟು ಒಂದೊಂದೇ ಲೆನ್ಸ್ ಬದಲಿಸಿದ. ಪಟ್ಟಿ ಉಪಯೋಗಕ್ಕಿಲ್ಲ, ಅದು ಬಾಯಿಪಾಠ. ನಾನು ಅವಳ ಚೀಲದಿಂದ ಮುಲಾಮಿನ ಡಬ್ಬಿ ತೆಗೆದು ಹಿಂಬದಿ ತಿರುಗಿಸಿ ಹಿಡಿದೆ. ನಾಲ್ಕನೆಯ ಲೆನ್ಸಿಗೆ ಅವಳು ತಡವರಿಸದೆ ಓದಿದಳು: “ಸ್ವಲ್ಪವೇ ಹಚ್ಚಿ.”

“ನಂಬರ್ ಬದಲಾಗಿದೆ, ಅಷ್ಟೇ,” ಎಂದ ಅವನು. “ಪೊರೆ ಗಿರೆ ಏನಿಲ್ಲ. ಮೇಜು ನಿಮ್ಮದೇ ಅಮ್ಮ. ಹೊಸ ಹುಡುಗಿಗೂ ಚುಕ್ಕೆ ಇಡೋದು ನೀವೇ ಕಲಿಸಬೇಕು.”

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. “ಅಯ್ಯೋ, ನಿನಗೆ ಯಾವಾಗ ಕೂದಲು ನರೆತ್ವೋ?” ಎಂದಳು. ಅವನು ನಾಚಿ ತಲೆ ಸವರಿಕೊಂಡ.

ಪಕ್ಕದಲ್ಲೇ ಕನ್ನಡಿಯಿತ್ತು. ಅವಳು ಅತ್ತ ತಿರುಗುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ. ಆ ಭಾರದ ಫ್ರೇಮನ್ನು ಎರಡೂ ಕೈಯಲ್ಲಿ ಹಿಡಿದು ನನ್ನತ್ತ ಬಾಗಿ, ಗಿರಾಕಿಗಳನ್ನು ನೋಡುವ ಹಾಗೆ, ಬಹಳ ಹೊತ್ತು ನೋಡಿದಳು. ಆಮೇಲೆ ಡಬ್ಬಿಯನ್ನು ನನ್ನ ಕೈಗೇ ಇಟ್ಟಳು.

“ನೀನು ಹಚ್ಕೋ,” ಎಂದಳು. “ಇಷ್ಟು ದಣಿದಿದ್ದೀಯ. ನನಗೆ ಕಂಡೇ ಇರಲಿಲ್ಲ.”