ಉದ್ದ ಗಂಟೆ ಹೊಡೆಯುವ ತನಕ

ಮಲಾವಿ ದೇಶದಲ್ಲಿ ನಾವು ಮೊಟ್ಟಮೊದಲು ಕಂಡ ಅಂಗಡಿ ಶವಪೆಟ್ಟಿಗೆಯದು. ವಿಮಾನ ನಿಲ್ದಾಣ ಬಿಟ್ಟು ಇನ್ನೂ ಅರ್ಧ ತಾಸಾಗಿರಲಿಲ್ಲ. ಬೀದರದಲ್ಲಿ ರಸ್ತೆ ಪಕ್ಕ ಕಪಾಟು, ಪಲ್ಲಂಗ ನಿಲ್ಲಿಸಿ ಮಾರುವ ಹಾಗೆ ಇಲ್ಲಿ ಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿದ್ದರು: ದೊಡ್ಡವು, ನಡುವಿನವು, ಮೊಳದುದ್ದದವು. ಬಡಿಗನೊಬ್ಬ ಅವುಗಳಲ್ಲೊಂದರ ಮೇಲೆ ಕೂತು ನಿಶ್ಚಿಂತೆಯಿಂದ ಊಟ ಮಾಡುತ್ತಿದ್ದ. ಅರವತ್ತಾರು ವರ್ಷದ ನಾನು ಅರವತ್ತಮೂರು ವರ್ಷದ ಹೆಂಡತಿಯ ಮುಖ ನೋಡಿದೆ. ಸೇವೆಗೆಂದು ಬಂದ ವೃದ್ಧರಿಗೆ ದೇಶವು ತನ್ನ ವತಿಯಿಂದ ಮಾಡಿಟ್ಟಿರುವ ವ್ಯವಸ್ಥೆಯನ್ನು ಮೊದಲೇ ತೋರಿಸಿದ ಹಾಗಿತ್ತು.

“ಅಳತಿ ಕೊಟ್ಟೇ ಹೋಗೂಣೇನು?” ಎಂದೆ.

“ನೀವ್ ಕೊಡ್ರಿ. ನಂಗ ಕೆಲಸ ಅದ,” ಎಂದಳು ಸುಶೀಲಾ.

ಕೆಲಸ ಇದ್ದದ್ದು ನಿಜವಾಗಿಯೂ ಅವಳಿಗೇ. ಬೀದರದ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಮೂವತ್ತೈದು ವರ್ಷ ನರ್ಸಾಗಿದ್ದವಳು. ಇಲ್ಲಿಯ ಹಳ್ಳಿ ದವಾಖಾನೆಯೊಂದರಲ್ಲಿ ಸೂಲಗಿತ್ತಿಯರಿಗೆ, ಹುಟ್ಟಿದ ಕೂಡಲೇ ಅಳದ ಕೂಸಿಗೆ ಉಸಿರು ಕೊಡುವುದನ್ನು ಕಲಿಸಬೇಕಿತ್ತು. ಒಂದೂವರೆ ವರ್ಷಕ್ಕೆ ಹಿರಿಯ ದಂಪತಿ ಬೇಕೆಂದು ನಮ್ಮ ಚರ್ಚಿನ ಸಭೆಯವರು ಕೇಳಿದಾಗ ಅವಳು ಕೈ ಎತ್ತಿದಳು. ದಂಪತಿ ಎಂದ ಮೇಲೆ ಗಂಡನೂ ಬರಬೇಕಾಗುತ್ತದೆ. ಆ ನಿಯಮದ ಮೇಲೆ ನಾನು ಆಯ್ಕೆಯಾದೆ. ಔರಾದ ತಾಲ್ಲೂಕಿನಲ್ಲಿ ಹೆಡ್‌ಮಾಸ್ತರನಾಗಿದ್ದ ನನಗೆ ಹಾಜರಿ ಪುಸ್ತಕ, ಪತ್ರವ್ಯವಹಾರ ಮತ್ತು ಹೊಸ ಬಾವಿಯ ಉಸ್ತುವಾರಿ ವಹಿಸಲಾಯಿತು.

ನಮ್ಮ ಅಜ್ಜಂದಿರ ಕಾಲದಲ್ಲಿ ಹಡಗಿನಿಂದ ಇಳಿದು ಬೀದರಕ್ಕೆ ಬಂದ ಮಿಷನರಿಗಳನ್ನು ಕಂಡು ನಮ್ಮವರು ಮರುಗುತ್ತಿದ್ದರಂತೆ. ಪಾಪ, ಅವರಿಗೆ ರೊಟ್ಟಿ ಮುರಿಯಲು ಬರುವುದಿಲ್ಲ, ಬಿಸಿಲು ತಾಳುವುದಿಲ್ಲ, ಸತ್ತರೆ ಅಳುವವರಿಲ್ಲ. ಆ ಮರುಕ ಈಗ ಸಕಲ ಮರ್ಯಾದೆಗಳೊಂದಿಗೆ ನಮಗೆ ವರ್ಗವಾಗಿತ್ತು.

ಹೊರಡುವಾಗ ಭಾಲ್ಕಿಯಿಂದ ಸುಶೀಲಾಳ ಅಕ್ಕ ರತ್ನಮ್ಮ ಬಂದಿದ್ದರು. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ, ನರ್ಸಿಂಗ್ ಓದಿಸಿ, ನನ್ನಂಥವನಿಗೆ ಕೊಟ್ಟು, ಆ ಕಡೆಯ ತಪ್ಪಿಗಾಗಿ ಮೂವತ್ತೆಂಟು ವರ್ಷ ಪಶ್ಚಾತ್ತಾಪಪಟ್ಟವರು. ಒಂದು ತಗಡಿನ ಡಬ್ಬಿ ತುಂಬ ಜೋಳದ ಹಿಟ್ಟು ತಂದಿದ್ದರು.

“ಅಕ್ಕ, ಅಲ್ಲೂ ಮನಷ್ಯಾರೇ ಇರ್ತಾರ. ಅವರೂ ಏನರೆ ಉಣ್ತಾರ.”

“ಉಣ್ಲಿ. ನಿನಗ ಯಾರ್ ಬ್ಯಾಡ ಅಂದಾರ? ಮೊದಲ ನಾಕ್ ದಿನ ನಮ್ಮ ರೊಟ್ಟಿ ತಿನ್ನು, ಆಮ್ಯಾಲ ಅವರದ ತಿನ್ನು.”

ವಿಮಾನ ನಿಲ್ದಾಣದ ಅಧಿಕಾರಿ ಡಬ್ಬಿ ತೆರೆದು, ಬೆರಳಲ್ಲಿ ಅದ್ದಿ, ಮೂಸಿ, ನನ್ನ ಬಿಳಿ ತಲೆಯನ್ನು ದಿಟ್ಟಿಸಿ ನೋಡಿದ. ಕಳ್ಳಸಾಗಣೆಗೆ ಇವನು ತಡವಾಗಿ ಇಳಿದಿದ್ದಾನೆ ಎನಿಸಿತೋ ಏನೋ, ಬಿಟ್ಟ.

ದವಾಖಾನೆಯ ಹಿಂದೆ ಇಟ್ಟಿಗೆಯ ಎರಡು ಕೋಣೆ, ಮೇಲೆ ತಗಡು. ಮಣ್ಣು ಬೀದರದ್ದೇ ಕೆಂಪು. ಕಣ್ಣು ಅರ್ಧ ಮುಚ್ಚಿಕೊಂಡರೆ ಊರಲ್ಲೇ ಇದ್ದೇವೆ, ಪೂರ್ತಿ ತೆರೆದರೆ ಯಾರೂ ನಮ್ಮವರಿಲ್ಲ. ಇಲ್ಲಿಯ ಊಟ ನ್ಸೀಮಾ: ಮೆಕ್ಕೆಜೋಳದ ಬಿಳಿ ಹಿಟ್ಟನ್ನು ಕುದಿಸಿ ಗಟ್ಟಿಯಾಗಿ ತಿರುವಿದ ಮುದ್ದೆ, ಜೊತೆಗೆ ಸೊಪ್ಪು. ನಾಲ್ಕು ದಿನ ಎಂದು ಅಕ್ಕ ಹೇಳಿದ್ದರೂ ಸುಶೀಲಾ ಆ ಹಿಟ್ಟನ್ನು ಭಾನುವಾರಕ್ಕೊಂದೇ ರೊಟ್ಟಿಯಂತೆ ತಿಂಗಳುಗಟ್ಟಲೆ ಎಳೆದಳು. ಭಾಷೆ ಅಷ್ಟು ಹೆದರಿಸಲಿಲ್ಲ. ಬೀದರದಲ್ಲಿ ಉರ್ದು, ಕಮಲನಗರದಲ್ಲಿ ಮರಾಠಿ, ಗಡಿ ದಾಟಿದರೆ ತೆಲುಗು ಎಂದು ಬದುಕಿದವನಿಗೆ ಚಿಚೇವಾ ಇನ್ನೊಂದು ತಾಲ್ಲೂಕು ಅಷ್ಟೇ. ಮುದುಕರನ್ನೆಲ್ಲ ಅವರು ‘ಅಗೋಗೊ’ ಎನ್ನುತ್ತಾರೆ, ಅಜ್ಜ ಎಂದು. ಮೂವತ್ತು ವರ್ಷ ‘ಸರ್’ ಅನ್ನಿಸಿಕೊಂಡವನು ಒಂದೇ ವಾರದಲ್ಲಿ ಅಜ್ಜನಾದೆ. ಇನ್ನೊಂದು ಮಾತು ‘ಪೆಪಾನಿ’. ನಿಮಗೆ ಕಷ್ಟವಾಯಿತಲ್ಲ, ನನಗೆ ನೋವಾಗಿದೆ ಎಂದರ್ಥ. ನಾನು ಎಡವಿದರೂ ಅನ್ನುತ್ತಾರೆ, ತಪ್ಪು ಅವರದಲ್ಲದಿದ್ದರೂ ಅನ್ನುತ್ತಾರೆ.

ನನಗೆ ಸರಿಬರದ ಪದ್ಧತಿ ಒಂದೇ. ಊರಲ್ಲಿ ಯಾರಾದರೂ ಸತ್ತ ಸುದ್ದಿ ಬಂದರೆ ಆ ಕ್ಷಣಕ್ಕೆ ಎಲ್ಲ ನಿಲ್ಲುತ್ತದೆ. ‘ಮಲೀರೊ’ ಎಂದು ಒಬ್ಬರು ಅಂದರೆ ಸಾಕು. ಸಾವಿನ ಮನೆ ಎಂದರ್ಥ. ಗುದ್ದಲಿ ಹೊಲದಲ್ಲೇ ಬೀಳುತ್ತದೆ, ಹೆಂಗಸರು ಪಾಠದ ನಡುವೆಯೇ ಎದ್ದು ಹೋಗುತ್ತಾರೆ. ಬಾವಿ ಕಟ್ಟುವ ಮೇಸ್ತ್ರಿ ಹೀಗೆ ಎರಡು ಸಲ ಹೋದ. ಎರಡೂ ಸಲ ನಾನು ಕೆಂಪು ಶಾಯಿಯಲ್ಲಿ ಗೈರುಹಾಜರಿ ಹಾಕಿದೆ. ಸೂಲಗಿತ್ತಿಯರ ಮುಖ್ಯಸ್ಥೆ ಎಸ್ನಾಟಿಯನ್ನು ಕರೆದು, ಸುದ್ದಿಯನ್ನು ತರಗತಿ ಮುಗಿದ ಮೇಲೆ ಹೇಳಿದರೆ ಏನು ತೊಂದರೆ ಎಂದು ಗಂಭೀರವಾಗಿ ವಿಚಾರಿಸಿದೆ. ಐವತ್ತು ದಾಟಿದ ಆ ಎತ್ತರದ ಹೆಂಗಸು ಅಜ್ಜ ತಮಾಷೆ ಮಾಡುತ್ತಿದ್ದಾನೆಂದು ತಿಳಿದು ನಕ್ಕಳು.

ತಮಾಷೆಯಲ್ಲ, ಅದು ನನ್ನ ಶಾಲೆಯ ನಿಯಮವಾಗಿತ್ತು. ಮಗುವಿನ ಮನೆಯಿಂದ ಕೆಟ್ಟ ಸುದ್ದಿ ಬಂದರೆ ಉದ್ದ ಗಂಟೆ, ಅಂದರೆ ಶಾಲೆ ಬಿಡುವ ಗಂಟೆ, ಹೊಡೆಯುವ ತನಕ ಹೇಳಬಾರದು. ಔರಾದಕ್ಕೆ ರೈಲಿಲ್ಲ, ಹಳ್ಳಿಯ ಬಸ್ಸು ಸಂಜೆ ಐದಕ್ಕೆ. ಬೆಳಿಗ್ಗೆ ಹೇಳಿದರೆ ಮಗು ಇಡೀ ದಿನ ಬೇವಿನ ಗಿಡದ ಕೆಳಗೆ ಅಳುತ್ತ ಕೂರಬೇಕು. ಸುದ್ದಿಯೂ ಬಸ್ಸೂ ಒಟ್ಟಿಗೆ ಸಿಗಲಿ ಎಂಬುದು ನನ್ನ ವಾದ. ಈ ನಿಯಮ ತಪ್ಪೆಂದು ಯಾವ ಮಗುವೂ ನನಗೆ ಹೇಳಲಿಲ್ಲ. ಮಕ್ಕಳು ಹೆಡ್‌ಮಾಸ್ತರರಿಗೆ ಹಾಗೆಲ್ಲ ಹೇಳುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

ಐದನೆಯ ತಿಂಗಳು. ಮೊದಲ ತಂಡದ ಪರೀಕ್ಷೆಯ ದಿನ. ಹನ್ನೆರಡು ಹೆಂಗಸರು ದೂರದ ಹಳ್ಳಿಗಳಿಂದ ಸೈಕಲ್ ತುಳಿದು ಬಂದಿದ್ದರು. ಹತ್ತೂವರೆಗೆ ನನ್ನ ಫೋನಿಗೆ ಭಾಲ್ಕಿಯಿಂದ ರತ್ನಮ್ಮನ ಮಗ ಸುಧೀರನ ಕರೆ ಬಂತು.

“ಕಾಕಾ, ಅವ್ವ ಹೋದಳ್ರಿ. ರೊಟ್ಟಿ ಬಡೀಲತ್ತಿದ್ದಳು, ಎದಿ ಹಿಡ್ಕೊಂಡು ಕುಂತಳು. ದವಾಖಾನಿಗಿ ಒಯ್ಯೂದರಾಗ ಮುಗೀತು. ಐದಕ್ಕ ಮಣ್ಣು ಮಾಡ್ತೇವ್ರಿ. ಚಿಗವ್ವಗ ಫೋನ್ ಕೊಡ್ರಿ.”

“ಕ್ಲಾಸಿನ್ಯಾಗ ಅದಾಳಪ್ಪ. ಪರೀಕ್ಷಾ ನಡದದ.”

“ಹಂಗಾದ್ರ ಮಣ್ಣಿನ ಹೊತ್ತಿಗಿ ವಿಡಿಯೋ ಮಾಡ್ತೇನ್ರಿ. ಒಂದ್ ಸಲ ಮಾರಿ ನೋಡ್ಲಿ.”

ಭಾಲ್ಕಿಯ ಐದು ಅಂದರೆ ಇಲ್ಲಿ ಒಂದೂವರೆ. ಇಲ್ಲಿಂದ ಭಾಲ್ಕಿಗೆ ಬಸ್ಸಿಲ್ಲ. ಏನು ಮಾಡಿದರೂ ಮುಟ್ಟುವುದು ಮೂರನೆಯ ದಿನ. ತರಗತಿ ಮುಗಿಯುವುದು ನಾಲ್ಕಕ್ಕೆ. ನನ್ನ ನಿಯಮ ಸಮುದ್ರ ದಾಟಿ ನನಗಿಂತ ಮೊದಲೇ ಬಂದು ಕುಳಿತಿತ್ತು. ಒಂದೂ ಇಪ್ಪತ್ತಕ್ಕೆ ಜೇಬಿನಲ್ಲಿ ಫೋನು ನಡುಗಿತು. ಕಿಟಕಿಯಿಂದ ನೋಡಿದೆ. ಸುಶೀಲಾ ಮೇಜಿನ ಮೇಲೆ ರಬ್ಬರಿನ ಕೂಸಿನ ಬಾಯಿಗೆ ಉಸಿರಿನ ಚೀಲ ಹಿಡಿದು, ಒಂದು, ಎರಡು ಎಂದು ಎಣಿಸಿ ತೋರಿಸುತ್ತಿದ್ದಳು. ನಾನು ಕರೆ ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಮೂರನೆಯದನ್ನು ಕತ್ತರಿಸುವ ಧೈರ್ಯವಾಗಲಿಲ್ಲ, ಎತ್ತುವ ಧೈರ್ಯವೂ ಆಗಲಿಲ್ಲ. ಅದು ನಡುಗಿ ನಡುಗಿ ತಾನೇ ಸುಮ್ಮನಾಯಿತು.

ನಾಲ್ಕಕ್ಕೆ ಅವಳು ಹೊರಗೆ ಬಂದಳು. “ಹನ್ನೆರಡಕ್ಕ ಹನ್ನೆರಡೂ ಪಾಸ್ ರೀ!” ಮುಖ ಬೆಳಗುತ್ತಿತ್ತು. ಹೇಳಿದೆ.

ಕೈಯಲ್ಲಿದ್ದ ಪರೀಕ್ಷೆಯ ಹಾಳೆಗಳನ್ನು ಮೆಟ್ಟಿಲ ಮೇಲೆ ಇಟ್ಟಳು.

“ಮಣ್ಣ ಎಷ್ಟಕ್ಕ?”

“ಐದಕ್ಕ. ಇಲ್ಲಿ ಒಂದೂವರಿ.”

“ಒಂದೂವರಿಗಿ ನಾ ರಬ್ಬರ್ ಬೊಂಬಿಗಿ ಉಸುರು ಕೊಡ್ಲತ್ತಿದ್ದೆ,” ಎಂದಳು. “ನಿಮಗ ಗೊತ್ತಿತ್ತು, ನಿಂತು ನೋಡ್ಲತ್ತಿದ್ರಿ.”

“ಹೇಳಿದ್ರ ಏನ್ ಮಾಡ್ತಿದ್ದಿ? ಹೋಗ್ಲಕ್ಕ ಆಗ್ತಿದ್ದಿಲ್ಲ...”

“ಅಳ್ತಿದ್ದೆ. ನಾ ನಿಮ್ಮ ಸಾಲಿ ಹುಡುಗಿ ಏನ್ರಿ?”

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಸ ಗುಡಿಸುತ್ತಿದ್ದ ಎಸ್ನಾಟಿಗೆ ನಮ್ಮ ಭಾಷೆ ಬಾರದಿದ್ದರೂ ವಿಷಯ ತಿಳಿಯಲು ತಡವಾಗಲಿಲ್ಲ. ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದಳು. ಹತ್ತೂವರೆಗೆ ಎಂದೆ. ಗೋಡೆಯ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು.

“ಇಷ್ಟು ಹೊತ್ತು ಆ ಸಾವನ್ನು ನೀವೊಬ್ಬರೇ ಹೊತ್ತಿದ್ದಿರಾ, ಅಗೋಗೊ? ಪೆಪಾನಿ.”

ಬೈದಿದ್ದರೆ ನನ್ನಲ್ಲಿ ಉತ್ತರ ಸಿದ್ಧವಿತ್ತು.

ಅವಳು ಅಂಗಳಕ್ಕೆ ಹೋಗಿ ಆ ಒಂದು ಮಾತು ಹೇಳಿದಳು: ಮಲೀರೊ. ಊರಿಗೆ ಹೊರಟಿದ್ದ ಹನ್ನೆರಡು ಸೈಕಲ್ಲುಗಳೂ ತಿರುಗಿದವು. ಹೊತ್ತು ಇಳಿಯುವ ಮೊದಲೇ ಊರಿನ ಹೆಂಗಸರು ತಲೆಯ ಮೇಲೆ ಬುಟ್ಟಿಯಲ್ಲಿ ಹಿಟ್ಟು, ಕಟ್ಟಿಗೆ ಹೊತ್ತು ಬಂದು, ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಸುಶೀಲಾಳ ಸುತ್ತ ಕಾಲು ಚಾಚಿ ಕೂತರು. ಸತ್ತವಳ ಹೆಸರೇನೆಂದು ಕೇಳಿದರು. ಯಾರೂ ನೋಡದ ಭಾಲ್ಕಿಯ ರತ್ನಮ್ಮನ ಹೆಸರು ಹಿಡಿದು ಅಷ್ಟೂ ಜನ ಅತ್ತರು. ಗಂಡಸರು ಹೊರಗೆ ನೆಲದ ಮೇಲೆ ಟೋಪಿ ತೆಗೆದು ಕೂತರು. ನನ್ನ ಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತವನು ಕೆಂಪು ಶಾಯಿಯ ಆ ಮೇಸ್ತ್ರಿ.

ನಮ್ಮಲ್ಲೂ ಸಾವಿನ ಮನೆಗೆ ಅಕ್ಕಪಕ್ಕದವರು ಅಡುಗೆ ಕಳಿಸುತ್ತಾರೆ, ಸುಳ್ಳೇಕೆ ಹೇಳಲಿ. ಆದರೆ ನಾನು ಜೀವಮಾನದಲ್ಲಿ ಅಂಥ ಮನೆಗಳಲ್ಲಿ ಕೈಕಟ್ಟಿ ಹತ್ತು ನಿಮಿಷ ನಿಂತು, ಗಡಿಯಾರ ನೋಡಿ, ಬಸ್ಸು ಹಿಡಿದವನು. ಇಲ್ಲಿ ಯಾರೂ ಏಳಲಿಲ್ಲ.

ತೆರೆದ ಬಾಗಿಲಿಂದ ಒಳಗೆ ಕಾಣುತ್ತಿತ್ತು. ತಂದ ಹಿಟ್ಟು ಸುರಿಯಲು ಯಾರೋ ಪಾತ್ರೆ ಹುಡುಕಿದರು. ಮೂಲೆಯ ತಗಡಿನ ಡಬ್ಬಿ ಸಿಕ್ಕಿತು. ತಳದಲ್ಲಿ ಅಕ್ಕನ ಜೋಳದ ಹಿಟ್ಟು ಎರಡು ಹಿಡಿ ಉಳಿದಿತ್ತು, ಮುಂದಿನ ಭಾನುವಾರದ್ದು. ಆ ಹೆಂಗಸು ನೋಡಲಿಲ್ಲ; ಮೇಲೆ ಸುರಿದಳು. ನಾನು ಏಳಲು ಹೋದೆ. ಸುಶೀಲಾ ನೋಡುತ್ತಿದ್ದಳು, ಸುರಿಯುವವಳಿಗೆ ಬೇಡ ಎನ್ನಲಿಲ್ಲ. ಅಂದು ಅಷ್ಟೂ ಜನಕ್ಕೆ ಅದೇ ಹಿಟ್ಟಿನ ನ್ಸೀಮಾ ಆಯಿತು. ನನ್ನ ಪಾಲಿನ ಮುದ್ದೆಯಲ್ಲಿ ಭಾಲ್ಕಿಯ ರುಚಿ ಹುಡುಕಿದೆ. ಸಿಗಲಿಲ್ಲ.

ಆಮೇಲೆ ಎಷ್ಟೋ ದಿನ ಅವಳು ನನ್ನೊಂದಿಗೆ ಆಡಿದ್ದು ‘ಊಟ’ ಎಂಬ ಒಂದೇ ಮಾತು. ರಜೆ ಕೊಡುತ್ತೇವೆ, ಊರಿಗೆ ಹೋಗಿ ಬನ್ನಿ ಎಂದು ಕಳಿಸಿದವರು ಬರೆದರು. ಅವಳು ಒಲ್ಲೆ ಎಂದಳು. ಯಾಕೆಂದು ನಾನು ಕೇಳಲಿಲ್ಲ, ತಾನೇ ಗೋಡೆಗೆ ಹೇಳುವಂತೆ ಹೇಳಿದಳು: “ಇಲ್ಲಿದ್ರ ಅಕ್ಕ ಭಾಲ್ಕ್ಯಾಗ ರೊಟ್ಟಿ ಬಡೀಲತ್ತಾಳ. ಅಲ್ಲಿಗಿ ಹೋದ್ರ ಖಾಲಿ ಅಡಗಿಮನಿ ಕಾಣ್ತದ. ಅಲ್ಲಿ ಎಲ್ಲಾರೂ ಅತ್ತು ಮುಗಿಸ್ಯಾರ. ನಾ ಯಾರ ಕೂಡ ಕೂಡ್ಲಿ?”

ಅವಧಿ ಮುಗಿಯಲು ಈಗ ಎರಡು ತಿಂಗಳಿದೆ. ಇನ್ನೊಂದು ವರ್ಷ ಇರುತ್ತೀರಾ ಎಂಬ ಕಾಗದ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿದೆ. ಕಳೆದ ವಾರ ಮಧ್ಯಾಹ್ನ ಸುಧೀರ ಫೋನ್ ಮಾಡಿದ.

“ಕಾಕಾ, ಅವ್ವನ ಗೋರಿಗಿ ಕಲ್ಲು ನಿಂದರ್ಸೀವ್ರಿ. ಬಾಜೂಕ ಜಾಗಾ ಖಾಲಿ ಅದ. ಯಾರರೆ ಕೇಳೂದ್ರೊಳಗ ಚಿಗವ್ವಗಂತ ಹಿಡಿದಿಡ್ಲೇನ್ರಿ? ಕೇಳಿ ಹೇಳ್ರಿ.”

ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಹಾಕುವಷ್ಟೇ ಸಹಜವಾಗಿ ಕೇಳಿದ. ನಾನು ಫೋನು ಹಿಡಿದುಕೊಂಡೇ ತರಗತಿಯೊಳಗೆ ನಡೆದೆ. ಎರಡನೆಯ ತಂಡದ ಹೆಂಗಸರು ನಾನು ಬಂದ ರೀತಿ ನೋಡಿಯೇ ಎದ್ದು ನಿಂತರು. ಸುಶೀಲಾಳ ಮುಖ ಬಿಳಿಚಿತು.

“ಯಾರ್ರಿ?”

“ಯಾರೂ ಇಲ್ಲ. ಎಲ್ಲಾರೂ ಛಲೋ ಅದಾರ,” ಎಂದು ಹೇಳಿ, ಸುಧೀರ ಕೇಳಿದ್ದನ್ನು ಹೇಳಿದೆ.

“ಇಷ್ಟಕ್ಕ ಪಾಠ ನಿಂದರ್ಸಿದ್ರೇನು? ಉದ್ದ ಗಂಟಿ ತನಕ ತಡೀಲಕ್ಕ ಬರ್ಲಿಲ್ಲೇನು ಹೆಡ್‌ಮಾಸ್ತರ್‌ಗ?”

ಅಕ್ಕ ಹೋದ ಮೇಲೆ ಇಷ್ಟು ತಿಂಗಳಲ್ಲಿ ಅವಳು ನನ್ನನ್ನು ಹಂಗಿಸಿದ್ದು ಅದೇ ಮೊದಲು. ನಾನು ಬಾಗಿಲಲ್ಲೇ ನಿಂತೆ. ಅವಳು ರಬ್ಬರಿನ ಕೂಸನ್ನು ಎದೆಗೆ ಆನಿಸಿಕೊಂಡು ಕಿಟಕಿಯಾಚೆಯ ಕೆಂಪು ಮಣ್ಣನ್ನು ನೋಡಿದಳು. ಹಿಂದಿನ ಸಾಲಿನಲ್ಲಿ ಎಸ್ನಾಟಿ ಇನ್ನೂ ನಿಂತೇ ಇದ್ದಳು.

“ಹಿಡಿದಿಡು ಅಂತ ಹೇಳ್ರಿ,” ಎಂದಳು ಸುಶೀಲಾ. ನಾನು ಫೋನು ಕಿವಿಗೆ ಎತ್ತುವಾಗ ಮತ್ತೆ ಅಂದಳು:

“ಬರ್ತಾಳ ಅಂತ ಮಾತ್ರ ಹೇಳಬ್ಯಾಡ್ರಿ.”

ಆಮೇಲೆ ಕೂಸನ್ನು ಮೇಜಿನ ಮೇಲೆ ಮಲಗಿಸಿ, ಎಲ್ಲರನ್ನೂ ಕೂರಿಸಿ, ಮೊದಲಿಂದ ಎಣಿಸತೊಡಗಿದಳು.