ಓಡಲು ಕಲಿಸಿ, ಹೋಗಬೇಡವೆಂದವರು

ಮೊನ್ನೆ ಮೂಡಲಗಿಯ ನಾನು ಕಲಿಸುವ ಹೈಸ್ಕೂಲಿನ ಕಂಪೌಂಡ್ ಗೋಡೆಯ ಮೇಲೆ ಯಾರೋ ಹುಡುಗಿ ತನ್ನ ಕ್ಯಾನ್ವಾಸ್ ಬೂಟುಗಳಿಗೆ ಬಿಳಿ ಪಾಲಿಶ್ ಬಳಿದು ಬಿಸಿಲಿಗೆ ಇಟ್ಟಿದ್ದಳು. ಪರೇಡಿನ ತಯಾರಿ. ಹಾಜರಿ ಮುಗಿಸಿ ಆ ಕಡೆ ಹಾದುಹೋಗುವಾಗ ಒದ್ದೆ ಸುಣ್ಣದಂಥ ಆ ವಾಸನೆ ಮೂಗಿಗೆ ಬಡಿಯಿತು. ನಿಂತುಬಿಟ್ಟೆ. ಮೇಲವಂಕಿಯ ನಮ್ಮ ಮನೆಯ ಬಾಜೂ ಕಟ್ಟೆಯ ಮೇಲೆ ಪ್ರತಿ ರವಿವಾರ ಇದೇ ವಾಸನೆ ಇರುತ್ತಿತ್ತು. ಮಿಲಿಟ್ರಿ ಕಾಕಾ ಬನಿಯನ್ನಿನಲ್ಲೇ ಕುಳಿತು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಮ್ಮ ಬೂಟಿಗೆ ಬಿಳಿ ಬಳಿಯುತ್ತಿದ್ದರು. ಊರ ಕೆಂಪು ಧೂಳಿನಲ್ಲಿ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅವು ಮತ್ತೆ ಕೆಂಪಾಗುತ್ತಿದ್ದವು. ಆದರೂ ಬಳಿಯುತ್ತಿದ್ದರು...

ಕಾಕಾ ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಬಂದಾಗ ನಾನು ಗೋಕಾಕದಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮದು ಕುರಿ ಕಾಯುವ ಮನೆತನ, ಜೊತೆಗೆ ಒಂದಿಷ್ಟು ಹೊಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಸೈನ್ಯದಿಂದ ಬಂದವರೆಂದರೆ ಜೋರು ದನಿಯಲ್ಲಿ ಕತೆ ಹೇಳುತ್ತಾರೆಂದು ನಾವು ಕಾದೆವು. ಅವರು ಹೇಳಲಿಲ್ಲ. ಯಾರಾದರೂ ಕೇಳಿದರೆ, "ಭಾಳ ಥಂಡಿ ಇರ್ತಿತ್ರಿ" ಎಂದು ಮಾತು ಮುಗಿಸುತ್ತಿದ್ದರು.

ಊರ ಹುಡುಗರು ಮಾತ್ರ ಅವರನ್ನು ಬಿಡಲಿಲ್ಲ. ಮಿಲಿಟ್ರಿ ಭರ್ತಿಯ ಆಸೆ ಇದ್ದವರೆಲ್ಲ ಒಂದು ದಿನ ಕಟ್ಟೆಯ ಮುಂದೆ ಬಂದು ನಿಂತು, "ಕಾಕಾ, ನಮ್ಮನ್ನ ಓಡಸ್ರಿ" ಎಂದರು. ಮರುದಿನದಿಂದಲೇ ಕಾಲುವೆಯ ದಂಡೆಗುಂಟ ಓಟ ಶುರುವಾಯಿತು. ಆ ಗುಂಪಿನಲ್ಲಿ ನನ್ನ ತಮ್ಮನೂ ಇದ್ದ. ಚಿಕ್ಕಂದಿನಿಂದ ಕುರಿಗಳ ಹಿಂದೆ ಓಡಿದ ಕಾಲು ಅವನದು. ಅವನು ಓಡುವಾಗ ಕಾಕಾ ಸುಮ್ಮನೆ ನಿಂತು ನೋಡುತ್ತಿದ್ದರಂತೆ. ಬೇರೆಯವರಿಗೆ ಬೈಗುಳ, ಇವನಿಗೆ ಬೈಗುಳವೂ ಇಲ್ಲ, ಶಹಬ್ಬಾಸ್‌ಗಿರಿಯೂ ಇಲ್ಲ.

ಗುಂಪಿನಲ್ಲಿ ಮೊದಲು ಆಯ್ಕೆಯಾದವನು ನನ್ನ ತಮ್ಮನೇ. ಸುದ್ದಿ ಬಂದ ದಿನ ಅವ್ವ ಬೆಲ್ಲ ಹಾಕಿ ಮಾದಲಿ ಮಾಡಿದಳು. ಡಬ್ಬಿಯಲ್ಲಿ ತುಂಬಿಕೊಂಡು ಮೇಲೆ ತುಪ್ಪ ಸುರಿದು, ನನ್ನನ್ನೂ ಕರೆದುಕೊಂಡು ಕಾಕಾನ ಮನೆಗೆ ಹೋದಳು. ಅವ್ವ ಗಂಡಸರೊಂದಿಗೆ ಹೆಚ್ಚು ಮಾತಾಡಿದವಳಲ್ಲ. ಅಂದು ಮಾತ್ರ ಡಬ್ಬಿಯನ್ನು ಎರಡೂ ಕೈಯಿಂದ ಕೊಟ್ಟು ಹೇಳಿದಳು: "ಅಣ್ಣಾರ, ನಿಮ್ಮ ಉಪಕಾರ ಈ ಜನ್ಮದಾಗ ತೀರಸಾಕ ಆಗಂಗಿಲ್ರಿ."

ಕಾಕಾ ಡಬ್ಬಿ ಇಸಿದುಕೊಂಡರು. ಮುಖ ಮಾತ್ರ ಬಿಳಿಚಿತು. ಅದನ್ನು ನೆಲದ ಮೇಲಿಟ್ಟು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, "ತಲಿನೋವು ಅಂತಿದ್ರವ್ವಾ ಮುಂಜಾನಿಂದ" ಎಂದು ಏನೋ ಹೇಳಿ ನಮ್ಮನ್ನು ಕಳಿಸಿದರು. ಅವ್ವನಿಗೆ ಏನೂ ತಿಳಿಯಲಿಲ್ಲ. ನನಗೂ.

ಮರುದಿನ ಸಂಜೆ ಕಾಕಾ ತಾವಾಗಿಯೇ ನಮ್ಮ ಮನೆಗೆ ಬಂದರು. ಅಪ್ಪ ಹಟ್ಟಿಯಲ್ಲಿದ್ದ. ನನ್ನ ತಮ್ಮ ಗೆಳೆಯರೊಂದಿಗೆ ಊರಲ್ಲಿ ತಿರುಗುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಕೂಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದರು.

"ತಂಗೀ, ಹುಡುಗನ್ನ ಕಳಸಬ್ಯಾಡವಾ."

ಅವ್ವನ ಕೈ ನಿಂತಿತು. "ಏನಂದ್ರಿ?"

"ನೀ ಒಂದ್ ಮಾತ ಬ್ಯಾಡ ಅಂದ್ರ ಅಂವಾ ಹೋಗಂಗಿಲ್ಲ. ನನ್ನ ಮಾತ ಕೇಳಂಗಿಲ್ಲ. ನೀ ಅನ್ನು."

"ಇದೇನ್ರಿ ಅಣ್ಣಾರ? ನೀವs ಓಡಿಸಿದ್ರಿ. ನೀವs ತಯಾರ ಮಾಡಿದ್ರಿ. ಈಗ ನೀವs ಬ್ಯಾಡ ಅಂತೀರಿ? ನಿಮ್ಮ ಹೊಟ್ಯಾಗ ಏನೈತಿ ಹೇಳ್ರಿ!"

ಕಾಕಾ ಒಲೆಯ ಕಡೆ ನೋಡಿದರು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಕೊನೆಗೆ, "ಖರೆ ಐತಿ ತಂಗೀ. ನಾನs ಓಡಿಸೇನಿ" ಎಂದವರೇ ತಲೆ ತಗ್ಗಿಸಿಕೊಂಡು ಹೋದರು.

ಅವ್ವ ಆ ಮಾತನ್ನು ತಮ್ಮನಿಗೆ ಹೇಳಲಿಲ್ಲ. ನನಗೂ ಹೇಳಬೇಡವೆಂದು ಕಣ್ಣಲ್ಲೇ ತಾಕೀತು ಮಾಡಿದಳು. ಸಿಟ್ಟು ಬಂದಿತ್ತು ಅವಳಿಗೆ. ತನ್ನ ಮಗ ಮೇಲೆ ಬರುವುದು ಇವರಿಗೆ ಸೇರುವುದಿಲ್ಲವೇನೋ ಎಂದೂ ಅಂದುಕೊಂಡಳು. ನನಗೆ ಹಾಗನ್ನಿಸಲಿಲ್ಲ. ಹಾಗಾದರೆ ಏನು ಎಂಬುದೂ ಹೊಳೆಯಲಿಲ್ಲ.

ತಮ್ಮ ಹೊರಟ ದಿನ ಹಲಗೆಯ ಬಡಿತ, ಹಾರ, ಗುಲಾಲು. ಬಸ್ ನಿಲ್ದಾಣದವರೆಗೆ ಅರ್ಧ ಊರೇ ಬಂದಿತ್ತು. ಕಾಕಾ ಬರಲಾರರು ಎಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ನನ್ನ ತಮ್ಮ ಕಾಲಿಗೆ ಬೀಳಹೋದಾಗ ರಟ್ಟೆ ಹಿಡಿದು ಎತ್ತಿ, ಅವನ ಕಿವಿಯ ಹತ್ತಿರ, "ಕಾಲ ಒಣಾ ಇಟ್ಕೋ. ಹಸಿ ಸಾಕ್ಸ್ ಹಾಕ್ಕೊಂಡ ಮಲಗಬ್ಯಾಡ" ಎಂದರು. ದೇಶ, ಧೈರ್ಯ, ಹೆಸರು ಎಂದು ಎಲ್ಲರೂ ಹೇಳಿದ್ದರು. ಸಾಕ್ಸಿನ ಮಾತು ಹೇಳಿದವರು ಅವರೊಬ್ಬರೇ. ಬಸ್ಸು ಗೋಕಾಕದ ಕಡೆ ಹೊರಳಿತು.

ಅಂದಿನಿಂದ ಕಾಕಾ ಹುಡುಗರನ್ನು ಓಡಿಸುವುದು ನಿಲ್ಲಿಸಿದರು. ಬಂದು ಕರೆದವರಿಗೆ, "ಮೊಣಕಾಲ ಹಿಡದಾವಪಾ" ಎಂದರು. ಆದರೆ ಮೊಣಕಾಲು ಹಿಡಿದವರೇ ಒಂದು ಮುಂಜಾನೆ ನಮ್ಮ ಹಟ್ಟಿಯ ಮುಂದೆ ಬಂದು ನಿಂತು ಅಪ್ಪನಿಗೆ ಹೇಳಿದರು: "ಮಗಾ ಹೋದ, ನಿಮಗ ಕೈ ಸಾಲಂಗಿಲ್ಲ. ಕುರಿ ನಾ ಹೊಡಕೊಂಡ ಹೊಕ್ಕೀನಿ."

ಅಪ್ಪ ಗಾಬರಿಯಾದ. "ಬ್ಯಾಡ್ರಿ ಸಾಹೇಬ್ರ, ಮಂದಿ ನಗತಾರ್ರಿ."

"ನಗಲಿ ಬಿಡ್ರಿ. ನಕ್ರ ಯಾರೂ ಸಾಯಂಗಿಲ್ಲ."

ಮಂದಿ ನಕ್ಕರು. ಬಿಳಿ ಬೂಟು ಹಾಕಿಕೊಂಡು ಹವಾಲ್ದಾರರು ಕುರಿ ಕಾಯುವುದನ್ನು ನೋಡಲು ಮೊದಮೊದಲು ಹುಡುಗರು ಕಾಲುವೆಯವರೆಗೆ ಹೋಗುತ್ತಿದ್ದರು. ಕುರಿಗಳಿಗೆ ಹಿಂದಿಯಲ್ಲಿ ಗದರುತ್ತಿದ್ದರಂತೆ. ಕುರಿಗಳು ಕೇಳದೆ ಯಾರದೋ ಗೋವಿನಜೋಳದ ಹೊಲಕ್ಕೆ ನುಗ್ಗಿ, ಕಾಕಾ ಬೈಸಿಕೊಂಡದ್ದೂ ಆಯಿತು. ಆಮೇಲೆ ಕಲಿತರು. ಅವ್ವ ಅವರ ಕೂಡ ಮಾತಾಡುತ್ತಿರಲಿಲ್ಲ. ಅವರೂ ಎದುರು ಬರುತ್ತಿರಲಿಲ್ಲ. ನಾವು ಫೋನಿನಲ್ಲಿ ತಮ್ಮನೊಂದಿಗೆ ಮಾತಾಡುವುದು ಕೇಳಿಸಿದರೆ ಕಟ್ಟೆಯಿಂದ ಎದ್ದು ಹೋಗುತ್ತಿದ್ದರು.

ನನಗೆ ಮೂಡಲಗಿಯಲ್ಲಿ ನೌಕರಿ ಸಿಕ್ಕ ಮೇಲೆ, ಸ್ವಾತಂತ್ರ್ಯ ದಿನಕ್ಕೆ ಒಬ್ಬ ಮಾಜಿ ಸೈನಿಕರನ್ನು ಕರೆಸಿ ಸನ್ಮಾನ ಮಾಡೋಣ ಎಂದು ಹೆಡ್‌ಮಾಸ್ತರರು ಹೇಳಿದರು. ನಾನು ಕಾಕಾನನ್ನು ಕೇಳಿದೆ. ಮೂರು ಸಲ ಇಲ್ಲ ಎಂದವರು, "ನಿನ್ನ ಸಾಲಿ ನೋಡಿದಂಗ ಆಕ್ಕೈತಿ" ಎಂದು ಕಡೆಗೆ ಒಪ್ಪಿದರು. ಶಾಲು ಹೊದಿಸಿದರು, ಹಾರ ಹಾಕಿದರು. ಒಂದು ಹುಡುಗಿ ಬಾಯಿಪಾಠ ಮಾಡಿದ ಭಾಷಣದಲ್ಲಿ, ನೀವು ಎಚ್ಚರವಿದ್ದುದರಿಂದ ನಾವು ನಿದ್ದೆ ಮಾಡಿದೆವು, ನಿಮ್ಮ ಋಣ ತೀರಿಸಲಾರೆವು ಎಂದಳು. ಕಾಕಾ ಮೈಕಿನ ಮುಂದೆ ಬಂದು ನಿಂತರು. ನಿಂತೇ ಇದ್ದರು. ಆಮೇಲೆ ಹೆಡ್‌ಮಾಸ್ತರರ ಕಡೆ ತಿರುಗಿ, "ಸರ್, ಹುಡುಗೂರು ಬಿಸಲಾಗ ಅದಾವ. ಕುಂಡರಸ್ರಿ" ಎಂದು ಬಂದು ಕುಳಿತುಬಿಟ್ಟರು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಮಕ್ಕಳು ನಮ್ಮ ಮುಖ ನೋಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ. ಶಾಲು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಾನು ಏನನ್ನೂ ಕೇಳಿರಲಿಲ್ಲ. ಅವರೇ ಶುರು ಮಾಡಿದರು.

"ಹುಕ್ಕೇರಿ ತಾಲೂಕಿನ ಹುಡುಗಾ ಒಬ್ಬಾಂವ ನಮ್ಮ ಪಲ್ಟಣದಾಗ ಇದ್ದ. ಸಂಕೇಶ್ವರ ದಾಟಿದ ಮ್ಯಾಲ ಅವನ ಊರು. ಬರ್ಫದಾಗ ಹೋಗಿಬಿಟ್ಟ. ಕನ್ನಡ ಬರ್ತೈತಿ ಅಂತ ಅವನ ಹೆಣದ ಪೆಟ್ಟಿಗಿ ಕೂಡ ನನ್ನ ಕಳಿಸಿದ್ರು. ಅವರವ್ವ ಬೈತಾಳ, ಎದಿ ಬಡಕೋತಾಳ ಅಂತ ನಾ ದಾರಿತುಂಬ ತಯಾರಾಗಿದ್ನಿ. ಆಕಿ ಬೈಲೇ ಇಲ್ಲ. ನನ್ನ ಎರಡೂ ಕೈ ಹಿಡಕೊಂಡು, ನನ್ನ ಮಗನ್ನ ಮನಿಗೆ ತಂದ ಮುಟ್ಟಿಸಿದೆಪ್ಪಾ, ನಿನ್ನ ಉಪಕಾರ ತೀರಸಾಕ ಆಗಂಗಿಲ್ಲ ಅಂದಳು. ಹಸದ ಬಂದಿದಿ ಉಣ್ಣು ಅಂತ ರೊಟ್ಟಿ ಹಾಕಿದಳು..." ಕಾಕಾ ಕಿಟಕಿಯ ಹೊರಗೆ ನೋಡಿದರು. "ನಾ ಉಂಡ್ನೆವ್ವಾ. ಬ್ಯಾಡ ಅನ್ನಾಕ ಆಗಲಿಲ್ಲ."

ಅವ್ವನ ಮಾದಲಿ, ಅವ್ವನ ಮಾತು ನನಗೆ ನೆನಪಾದವು. "ಹಂಗಾದ್ರ ಹುಡುಗೂರ್ನ ಭರ್ತಿಗೆ ಯಾಕ ಓಡಸ್ತಿದ್ರಿ ಕಾಕಾ?" ಎಂದೆ.

"ಅದs ನನಗೂ ತಿಳಿಯವಲ್ದು. ಫೌಜು ನನಗ ಎಲ್ಲಾ ಕೊಟ್ಟೈತಿ. ಅಲ್ಲಿ ನಾ ಮನಷ್ಯಾ ಆದ್ನಿ. ಹುಡುಗೂರು ಬಂದ ಕೇಳಿದ್ರ ಹೆಂಗ ಇಲ್ಲ ಅನ್ನೂದು? ಓಡೂದ ನೋಡಾಕ ಚಂದ ಇತ್ತು. ಒಬ್ಬಾಂವ ಖರೇನ ಹೊಂಟ ನಿಂತಾಗ..."

ಅರಭಾವಿ ಬಂತು. ತೋಟಗಾರಿಕೆ ಕಾಲೇಜಿನ ಹುಡುಗ ಹುಡುಗಿಯರು ಚೀಲಗಳ ಸಮೇತ ನುಗ್ಗಿದರು. ಕಾಕಾ ಕಾಲು ಒಳಗೆಳೆದುಕೊಂಡು ಜಾಗ ಮಾಡಿದರು. ಆ ಮಾತು ಅಲ್ಲಿಗೇ ನಿಂತಿತು. ಮುಂದೆಂದೂ ಅವರು ಅದನ್ನು ಎತ್ತಲಿಲ್ಲ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮರುದಿನ ಕುರಿ ಹೊರಡುವ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಕಾಕಾನ ಕೈಗೇ ಕೊಟ್ಟು, "ರೊಟ್ಟಿ ಕೂಡ ಶೇಂಗಾ ಹಿಂಡಿ ಹಾಕೇನ್ರಿ" ಎಂದಳು. ಉಪಕಾರದ ಮಾತು ಆಡಲಿಲ್ಲ. ಕಾಕಾ ಬುತ್ತಿ ಹೆಗಲಿಗೆ ಹಾಕಿಕೊಂಡರು.

ಒಂದು ಮಧ್ಯಾಹ್ನ ಕುರಿಗಳು ತಾವಾಗಿಯೇ ಮನೆಗೆ ಬಂದವು. ಹಿಂದೆ ಕಾಕಾ ಇರಲಿಲ್ಲ. ಅಪ್ಪ ಕಾಲುವೆಯ ಕಡೆ ಓಡಿದ. ಬೇವಿನ ಗಿಡದ ಬುಡಕ್ಕೆ ಒರಗಿ ಕುಳಿತಿದ್ದರಂತೆ, ನಿದ್ದೆ ಬಂದವರ ಹಾಗೆ... ತಮ್ಮ ಆಗ ಫೋನು ಸಿಗದ ಜಾಗದಲ್ಲಿದ್ದ. ಅವನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಇಲ್ಲಿ ಮಣ್ಣು ಕೊಟ್ಟು ಮುಗಿದಿತ್ತು.

ಈ ಸಲ ರಜೆಗೆ ಬಂದಾಗ ಅವ್ವ ಕೊನೆಗೂ ಅವನಿಗೆ, ಕಾಕಾ ಕಳಿಸಬೇಡವೆಂದ ಆ ಸಂಜೆಯ ಮಾತು ಹೇಳಿದಳು. ಕೇಳಿದವನು ಕಾಲುವೆಯ ಕಡೆ ಹೋಗಿ ಕುಳಿತ. ನಾನು ಚಹಾ ತೆಗೆದುಕೊಂಡು ಹೋದೆ.

"ಅಕ್ಕಾ," ಎಂದ, "ಅಲ್ಲಿ ಥಂಡ್ಯಾಗ ನಿಂತಾಗ ಎಷ್ಟ ಸಲ ಅನ್ಕೊಂಡೇನಿ, ಕಾಕಾ ಇರದಿದ್ರ ನಾ ಇಲ್ಲಿ ಇರತಿದ್ದಿಲ್ಲ ಅಂತ. ಒಮ್ಮೊಮ್ಮೆ ಅದು ಕೈ ಮುಗದಂಗ ಇರ್ತೈತಿ. ಒಮ್ಮೊಮ್ಮೆ ಬೈದಂಗ. ಬಂದಾಗ ಅವರ ಮುಂದs ಹೇಳಬೇಕು, ಯಾವುದು ಖರೆ ಅಂತ ಅವರs ಹೇಳಲಿ ಅಂತ ಮಾಡಿದ್ನಿ."

ಚಹಾದ ಲೋಟ ಅವನ ಪಕ್ಕದಲ್ಲಿಟ್ಟೆ. ನೀರು ತುಂಬಿ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ನನಗೆ ಗುರುತಿಲ್ಲದ ಹುಡುಗರು ಓಡುತ್ತಿದ್ದರು, ಯಾರೂ ಓಡಿಸುವವರಿಲ್ಲದೆ, ತಮ್ಮಷ್ಟಕ್ಕೆ ತಾವೇ. ತಮ್ಮ ಎದ್ದು ನಿಂತು ಅವರನ್ನೇ ನೋಡಿದ. ಕೂಗಿ ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ಅವರು ತಿರುವಿನಲ್ಲಿ ಮರೆಯಾಗುವವರೆಗೆ ಇಬ್ಬರೂ ಅಲ್ಲೇ ನಿಂತೆವು.