ಏಳನೇ ನಂಬರಿನ ನಡಿಗೆ

ಸುಗಂಧಿಯ ಮಂಡಿ ಅವಳ ಮಾತು ಕೇಳುವುದನ್ನು ಬಿಟ್ಟು ಎರಡು ವರ್ಷವಾಯಿತು. ಆದರೂ ಬೆಳಗಾದರೆ ಹೆಗಲಿಗೆ ಚೀಲ ಹಾಕಿ ಹೊರಡಬೇಕು. ಕಾಗದ ತಾನಾಗಿ ನಡೆದು ಮನೆ ಸೇರುತ್ತದೆಯೇ? ಹಿರಿಯಡ್ಕದಿಂದ ಒಳಗಿನ ಮೂರು ಊರಿಗೆ ಇಪ್ಪತ್ತೆಂಟು ವರ್ಷದಿಂದ ಅವಳೇ ಪೋಸ್ಟಿನವಳು. ಮದುವೆ ಕಾಗದ, ಬ್ಯಾಂಕಿನ ನೋಟೀಸು, ದುಬೈಯಲ್ಲಿರುವ ಮಗ ಅಮ್ಮನಿಗೆಂದು ಆನ್‌ಲೈನಿನಲ್ಲಿ ತರಿಸಿಕೊಟ್ಟ ಮಿಕ್ಸಿ, ಎಲ್ಲ ಅವಳ ಹೆಗಲ ಮೇಲೆಯೇ ಬರಬೇಕು. ಸ್ಕೂಟರ್ ಕಲಿಯಲು ಹೋಗಿ ನೀರು ಹರಿಯುವ ತೋಡಿಗೆ ಬಿದ್ದ ಮೇಲೆ ಆ ಆಸೆ ಬಿಟ್ಟಳು. ಹಾಗಾಗಿ ಗದ್ದೆಯ ಅಂಚಿನ ಹುಣಿ, ಬರಿ ಕಲ್ಲಿನ ಪಾದೆಯ ಮೇಲಿನ ಜಾಡು, ತೋಡು ದಾಟುವ ಸಂಕ, ಯಾರ ಅಂಗಳದಿಂದ ಇಳಿದರೆ ಯಾರ ಹಿತ್ತಿಲು, ಎಲ್ಲವೂ ಅವಳ ಕಾಲಿಗೆ ಬಾಯಿಪಾಠ.

ಈ ಬಾಯಿಪಾಠದ ಸುದ್ದಿ ಮಣಿಪಾಲಕ್ಕೆ ಹೇಗೆ ಮುಟ್ಟಿತೋ ದೇವರೇ ಬಲ್ಲ. ಹೋದ ವರ್ಷ ಮಳೆ ಬಿಟ್ಟ ಮೇಲೆ ತನ್ವಿ ಎಂಬ ಹುಡುಗಿ ಹುಡುಕಿಕೊಂಡು ಬಂದಳು. ಉಚ್ಚಿಲದವಳು, ಮಣಿಪಾಲದಲ್ಲಿ ಓದುವವಳು. ಗೆಳತಿಯರೊಂದಿಗೆ ಸೇರಿ ಒಂದು ಪುಸ್ತಕ ಮಾಡುತ್ತಿದ್ದಳು: ಹಿರಿಯಡ್ಕದ ಸುತ್ತ ಹನ್ನೆರಡು ನಡಿಗೆ, ಒಂದೊಂದಕ್ಕೂ ಒಂದು ನಕ್ಷೆ, ಎಲ್ಲಿ ಯಾವ ಹಕ್ಕಿ, ಯಾವ ತಿಂಗಳು ಯಾವ ಹೂ ಎಂಬ ವಿವರ. ಕಾಪು ಬೀಚು, ಕಾರ್ಕಳದ ಗೊಮ್ಮಟ ನೋಡಿ ಮುಗಿಸಿದವರಿಗೆ ಇನ್ನು ಗದ್ದೆ ತೋರಿಸಬೇಕಂತೆ. ನಡೆಯಲಿಕ್ಕೂ ಪುಸ್ತಕ ಬೇಕಾ ಎಂದು ಸುಗಂಧಿಗೆ ನಗು ಬಂತು.

"ನಿಮ್ಮ ಹೆಸರು ಹಾಕ್ತೇವೆ ಆಂಟಿ," ಎಂದಳು ತನ್ವಿ.

ಅಲ್ಲಿಗೆ ನಗು ನಿಂತಿತು. ಇಷ್ಟು ವರ್ಷ ಸುಗಂಧಿ ಹೊತ್ತು ತಿರುಗಿದ್ದೆಲ್ಲ ಬೇರೆಯವರ ಹೆಸರು. ವಾರಕ್ಕೊಮ್ಮೆ ಸಿಗುವ ರಜೆಯಲ್ಲಿ ಕಾಲು ಚಾಚಿ ಮಲಗಬೇಕಾದವಳು ಮಂಡಿಗೆ ಪಟ್ಟಿ ಸುತ್ತಿಕೊಂಡು ಹತ್ತು ಭಾನುವಾರ ಆ ಹುಡುಗಿಯ ಮುಂದೆ ಮುಂದೆ ನಡೆದಳು.

ಏಳನೆಯ ನಡಿಗೆ ಎಲ್ಲಕ್ಕಿಂತ ಚಂದ. ನೀಲಿ ಹೂವಿನ ಪಾದೆ ಇಳಿದು, ಒಳಗಿನ ಊರಿನ ಗೆಳತಿ ಕುಶಲಾಳ ಮನೆಯ ತಡಮೆ ದಾಟಿ, ಅವಳ ಅಂಗಳದಿಂದಲೇ ಗದ್ದೆಗೆ ಇಳಿಯಬೇಕು. ತಡಮೆ ಎಂದರೆ ಎಂತ ಎಂದು ತನ್ವಿ ಕೇಳಿದಳು; ಹೈವೇ ಬದಿಯಲ್ಲಿ ಬೆಳೆದವಳು, ಪಾಪ. ದನ ದಾಟಬಾರದು, ಜನ ದಾಟಬೇಕು, ಅದಕ್ಕೆ ಬೇಲಿಯ ನಡುವೆ ಮೆಟ್ಟಿಲಿಡುವುದು ಎಂದು ಸುಗಂಧಿ ಹತ್ತಿ ಇಳಿದು ತೋರಿಸಿದಳು.

"ಇಲ್ಲಿ ಯಾರು ಬೇಕಾದರೂ ಹೋಗಬಹುದಾ ಆಂಟಿ?"

"ಎಲ್ಲರೂ ಹೋಗ್ತಾರಲ್ಲ ಮಾರಾಯ್ತಿ, ಅದನ್ನೆಂತ ಕೇಳುವುದು?"

ಸುಳ್ಳೇನೂ ಅಲ್ಲ. ಆ ಊರಿನಲ್ಲಿ ಎಲ್ಲರೂ ಅಂದರೆ ಹದಿನೇಳು ಮನೆಯವರು. ಅದನ್ನು ಬಿಡಿಸಿ ಹೇಳಬೇಕೆಂದು ಈವರೆಗೆ ಯಾರಿಗೂ ಹೊಳೆದದ್ದೇ ಇಲ್ಲ. ತನ್ವಿ ಬರೆದುಕೊಂಡಳು. ಪುಸ್ತಕದಲ್ಲಿ ಅಚ್ಚಾಗಿ ಬಂತು: 'ಅಂಗಳದ ಮೂಲಕ ಸಾರ್ವಜನಿಕ ಕಾಲುದಾರಿ.'

ಒಳಗಿನ ಪುಟದಲ್ಲಿ ಸುಗಂಧಿಯ ಹೆಸರೂ ಇತ್ತು. ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರಾಗಿರುವ ಗಂಡ ಉಮಾನಾಥ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಟಿಕೆಟ್ ಇಲ್ಲದೆ ಇಷ್ಟು ತಿರುಗಿದವಳು ನೀನೊಬ್ಬಳೇ," ಎಂದ. ಅವಳಿಗೆ ಖುಷಿಯೋ ಖುಷಿ. ಅಂದು ರಾತ್ರಿ ಮಂಡಿಗೆ ಎಣ್ಣೆ ಹಚ್ಚುವುದೂ ಮರೆತುಹೋಯಿತು.

ಆಮೇಲೆ ಭಾನುವಾರಗಳು ಶುರುವಾದವು. ಟೊಪ್ಪಿ, ಬೂಟು, ಕೊರಳಿಗೆ ಕ್ಯಾಮರಾ. ಹತ್ತು ಜನ, ಇಪ್ಪತ್ತು ಜನ. ಕುಶಲಾ ನೈಟಿ ಹಾಕಿ ಅಂಗಳದ ಮೂಲೆಯಲ್ಲಿ ಬೂತಾಯಿ ಮೀನು ಹೆಚ್ಚುತ್ತಿದ್ದಾಗ ತಡಮೆಯ ಮೇಲೆ ಒಂದು ತಲೆ ಮೂಡಿ, "ಆಂಟಿ, ಏಳನೇ ನಂಬರಿನ ನಡಿಗೆ ಇದೇನಾ?" ಎಂದು ಕೇಳಿತಂತೆ. ಇನ್ನೊಬ್ಬ ಫೋಟೋ ಹೊಡೆದನಂತೆ. ಹೋಗಿ ಎಂದರೆ ಪುಸ್ತಕ ಬಿಡಿಸಿ ತೋರಿಸುತ್ತಾರೆ, ನೋಡಿ, ಸಾರ್ವಜನಿಕ ಎಂದು ಬರೆದಿದೆ ಎನ್ನುತ್ತಾರೆ.

ಒಂದು ಸೋಮವಾರ ಸುಗಂಧಿ ಬರುವಾಗ ತಡಮೆಯ ತುಂಬ ಮುಳ್ಳಿನ ಹೊರೆ, ಅದರ ಮೇಲೆ ತಂತಿ. ಆಚೆ ಕುಶಲಾ ನಿಂತಿದ್ದಳು.

"ನಮ್ಮ ಅಂಗಳವನ್ನು ಪುಸ್ತಕಕ್ಕೆ ಹಾಕುವಾಗ ನನ್ನ ಮುಖ ನೆನಪಾಗಲಿಲ್ವಾ ಅಕ್ಕಾ ನಿನಗೆ? ಅದು ನಿನ್ನ ಅಂಗಳವಾ?"

ಸುಗಂಧಿ ತಿರುಗಿ ಟಾರು ರಸ್ತೆ ಹಿಡಿದಳು. ಅಂಗಳದಿಂದ ಇಳಿದರೆ ಐದು ನಿಮಿಷದ ಹಾದಿ, ರಸ್ತೆಯಲ್ಲಿ ಸುತ್ತಿದರೆ ಎರಡು ಕಿಲೋಮೀಟರು. ಆ ಬಿಸಿಲು, ಆ ಏರು, ಆ ಟಿಪ್ಪರುಗಳ ಧೂಳು! ಮೂರು ವಾರ ಸುತ್ತಿದಳು. ಸಂಜೆ ಮನೆ ಮೆಟ್ಟಿಲು ಹತ್ತಲು ಉಮಾನಾಥ ಕೈ ಹಿಡಿಯಬೇಕಾಯಿತು. ಆ ದಾರಿ ಸಿಗದಿದ್ದರೆ ಕೆಲಸ ಬಿಡುವುದೇ ಸರಿ ಎಂದು ಅವಳಿಗೆ ಖಚಿತವಾಯಿತು.

ತನ್ವಿಗೆ ಫೋನು ಮಾಡಿದಳು. ಪುಸ್ತಕ ಎರಡನೇ ಸಲ ಅಚ್ಚಿಗೆ ಹೋಗುವುದರಲ್ಲಿತ್ತು.

"ಏಳನೆಯದನ್ನು ತೆಗಿ."

"ಅದೇ ಎಲ್ಲರಿಗೂ ಇಷ್ಟ ಆಂಟಿ..."

"ಆ 'ಎಲ್ಲರೂ' ಅನ್ನುವ ಮಾತೇ ಬೇಡ ನನಗೆ. ಏಳನೆಯದೂ ತೆಗಿ, ನನ್ನ ಹೆಸರೂ ತೆಗಿ."

ಹುಡುಗಿ ಒಳ್ಳೆಯವಳು. ತಪ್ಪಾಯ್ತು ಎಂದು ಅತ್ತಳು, ಎರಡನ್ನೂ ತೆಗೆದಳು, ಅಚ್ಚಾದ ಹೊಸ ಪುಸ್ತಕವನ್ನು ಅಂಚೆಯಲ್ಲೇ ಕಳಿಸಿದಳು. ತನ್ನ ಹೆಸರಿಲ್ಲದ ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಸುಗಂಧಿ ರಸ್ತೆ ಸುತ್ತಿ, ಗೇಟಿನ ಕಡೆಯಿಂದ ಕುಶಲಾಳ ಮನೆಗೆ ಹೋದಳು. ಜಗಳವಾದರೆ ಆಗಲಿ, ನಾಲ್ಕು ಬೈಗುಳ ತಿಂದರೆ ಮನಸ್ಸಾದರೂ ಹಗುರಾದೀತು ಎಂದುಕೊಂಡಿದ್ದಳು.

ಕುಶಲಾ ಬೈಯಲಿಲ್ಲ. ಪುಟ ತಿರುಗಿಸಿ ನೋಡಿದಳು. ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲದ ತುಂಡು, ಲೋಟದಲ್ಲಿ ನೀರು ತಂದು ಮುಂದಿಟ್ಟಳು. ಮನೆಗೆ ಬಂದ ಪರಸ್ಥಳದವರಿಗೆ ಕೊಡುವ ಹಾಗೆ. ಇಷ್ಟು ವರ್ಷ ಅದೇ ಮನೆಯ ಅಡುಗೆಕೋಣೆಗೆ ನುಗ್ಗಿ, ಕೊಡಪಾನದಿಂದ ತಾನೇ ಬಗ್ಗಿಸಿಕೊಂಡು ಕುಡಿಯುತ್ತಿದ್ದ ಸುಗಂಧಿ ಈಗ ಕುರ್ಚಿಯ ತುದಿಯಲ್ಲಿ ಕೂತಳು.

"ತೊಂದರೆ ಇಲ್ಲ," ಎಂದಳು ಕುಶಲಾ. "ನಾಳೆ ಮುಳ್ಳು ತೆಗೆಸ್ತೇನೆ. ಊರಿನವರು ಹೋಗಲಿ. ನೀವೂ ಹೋಗಬಹುದು."

ಕನ್ನಡದಲ್ಲಿ ಹೇಳಿದಳು. ಸ್ವಚ್ಛ ಕನ್ನಡದಲ್ಲಿ, ಪಂಚಾಯತು ಆಫೀಸಿನಲ್ಲಿ ಮಾತಾಡುವ ಹಾಗೆ. ಇಪ್ಪತ್ತೆಂಟು ವರ್ಷ ಅವರಿಬ್ಬರ ನಡುವೆ ತುಳು ಬಿಟ್ಟು ಬೇರೆ ಭಾಷೆಯೇ ಇರಲಿಲ್ಲ. ತಡಮೆಯ ಬಳಿಯ ಜಗಳವೂ ತುಳುವಿನಲ್ಲೇ ಆದದ್ದು.

ಸುಗಂಧಿ ನೀರು ಕುಡಿದಳು. ತುಳುವಿನಲ್ಲಿ ಏನಾದರೂ ಅನ್ನಬೇಕೆಂದು ಬಾಯಿ ತೆರೆದಳು, ಮತ್ತೆ ಚೀಲ ಹೆಗಲಿಗೆ ಹಾಕಿ ಎದ್ದಳು.

"ಉಪಕಾರವಾಯಿತು," ಎಂದಳು, ಅವಳೂ ಕನ್ನಡದಲ್ಲಿ.